ಚರ್ಚ್ ತುಂಬಿರುವಾಗಲೇ ಲೆಕ್ಕ ತೆರೆದಿಡೋಣ

ಪಾಸ್ಖ (ಈಸ್ಟರ್) ಹಬ್ಬ ಮುಗಿಸಿಕೊಂಡು ಜರ್ಮನಿಯಿಂದ ರಜೆಗೆ ಬೆಂಗಳೂರಿಗೆ ಬಂದರೆ ಸಾಕು, ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಅಲ್ಲಿ ಚರ್ಚೆಲ್ಲ ಖಾಲಿಯಂತೆ, ಹೌದಾ ಸ್ವಾಮಿ?’ ದನಿಯಲ್ಲಿ ಮರುಕ ಇರುತ್ತದೆ. ಮರುಕದ ಹಿಂದೆ ಸ್ವಲ್ಪ ಹೆಮ್ಮೆಯೂ ಇರುತ್ತದೆ. ನಮ್ಮಲ್ಲಿ ನೋಡಿ, ಶುಭ ಶುಕ್ರವಾರ ಗೇಟು ದಾಟಿ ರಸ್ತೆವರೆಗೂ ಜನ ಅನ್ನುವ ಹೆಮ್ಮೆ.

ಹೌದು, ಖಾಲಿ. ಅಲ್ಲಿನ ಬಿಷಪರ ಮಂಡಳಿಯೇ ವರ್ಷವರ್ಷವೂ ಅಂಕಿಸಂಖ್ಯೆ ಹೊರಗೆ ಹಾಕುತ್ತದೆ. 2022ರಲ್ಲಿ ಜರ್ಮನಿಯ ಕಥೋಲಿಕ ಧರ್ಮಸಭೆಯನ್ನು ಬಿಟ್ಟವರು 5,22,821 ಮಂದಿ. ಮರುವರ್ಷ ಮತ್ತೆ ನಾಲ್ಕು ಲಕ್ಷ ದಾಟಿತು. ಭಾನುವಾರದ ಪೂಜೆಗೆ ಬರುವವರು ನೂರಕ್ಕೆ ಆರು ಜನರ ಆಸುಪಾಸು. ನಾನು ಹುಟ್ಟಿದ್ದು ಬೇಗೂರಿನ ಕಡೆ, ಗುರುವಾಗಿ, ಅಂದರೆ ಪಾದ್ರಿಯಾಗಿ, ಕೆಲಸ ಮಾಡುವುದು ದಕ್ಷಿಣ ಜರ್ಮನಿಯ ಬವೇರಿಯಾದ ಹಳ್ಳಿಗಳಲ್ಲಿ. ಅಲ್ಲಿ ಗುರುಗಳು ಸಾಲದು, ಅದಕ್ಕೇ ಒಬ್ಬನ ತಲೆಗೆ ನಾಲ್ಕೈದು ಊರಿನ ಚರ್ಚು. ಪ್ರತಿ ಚರ್ಚಿನ ಗೋಡೆಯ ಮೇಲೂ ಎರಡು ಮಹಾಯುದ್ಧಗಳಲ್ಲಿ ಸತ್ತ ಊರ ಹುಡುಗರ ಹೆಸರು ಕೆತ್ತಿದ್ದಾರೆ. ಕೆಲವು ಭಾನುವಾರ ಬೆಂಚಿನಲ್ಲಿ ಕೂತವರಿಗಿಂತ ಗೋಡೆಯ ಮೇಲಿನ ಹೆಸರೇ ಜಾಸ್ತಿ.

ಆದರೆ ಖಾಲಿ ಯಾಕಾಯಿತು ಅಂತ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ದುಡ್ಡು ಜಾಸ್ತಿಯಾಯಿತು, ದೇವರು ಬೇಡವಾದ ಅಂತ ತಾವೇ ಉತ್ತರ ಹೇಳಿ ಮುಗಿಸುತ್ತಾರೆ. ನನಗೆ ಅಷ್ಟು ಸುಲಭದ ಮಾತು ಅನ್ನಿಸುವುದಿಲ್ಲ. ಅದನ್ನು ಹೇಳುವ ಮೊದಲು ಎರಡೂ ಕಡೆಯ ತಪಸ್ಸುಕಾಲದ, ಅಂದರೆ ಪಾಸ್ಖಕ್ಕೆ ಮುಂಚಿನ ಉಪವಾಸದ ದಿನಗಳ, ಬಗ್ಗೆ ಒಂದಿಷ್ಟು ಹೇಳಬೇಕು.

ಸೆಮಿನರಿಯಲ್ಲಿ ನಮಗೆ ಪ್ರಬೋಧನೆ ಕಲಿಸುವಾಗ ಪಾಸ್ಖ ಎಂದರೆ ವಸಂತ, ವಸಂತ ಎಂದರೆ ಹಿಮ ಕರಗಿ ಚಿಗುರು ಬರುವುದು ಎಂದೇ ಹೇಳಿಕೊಟ್ಟಿದ್ದರು. ನಾವೂ ಹಾಗೇ ಬೋಧಿಸುತ್ತಿದ್ದೆವು. ಎದುರಿಗೆ ಕೂತವರು ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು! ಬೆಂಗಳೂರಿನಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ ಹವೆ ಹಿತವಾಗಿರುತ್ತದೆ, ಪಾಸ್ಖದ ಹೊತ್ತಿಗೆ ನೆತ್ತಿ ಸುಡುತ್ತದೆ. ಬವೇರಿಯಾದಲ್ಲಿ ಉಲ್ಟಾ. ಬೂದಿ ಬುಧವಾರ ಬೆಳಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಚರ್ಚಿಗೆ ಹೊರಡಬೇಕು. ಪಾಸ್ಖದ ಹೊತ್ತಿಗೆ ಹೊಲದ ಬದುವಿನಲ್ಲಿ ಹಸಿರು, ತೋಟದಲ್ಲಿ ಹೂವು. ಪುಸ್ತಕದ ವಸಂತ ಅಲ್ಲಿ ಕಣ್ಣೆದುರಿಗೇ ಇದೆ. ಅದನ್ನು ನೋಡಲು ಜನ ಸೈಕಲ್ ಹತ್ತಿ ಹೊರಟಿರುತ್ತಾರೆ, ಚರ್ಚಿನೊಳಗೆ ನಾನು ಚಿಗುರಿನ ಬಗ್ಗೆ ಮಾತಾಡುತ್ತಿರುತ್ತೇನೆ.

ಬೆಂಗಳೂರಿಗೆ ವಸಂತ ಇಲ್ಲ ಅಂತಲ್ಲ. ಹೊಂಗೆ ಎಲೆ ಉದುರಿಸಿ ಕೆಲವೇ ದಿನದಲ್ಲಿ ತಿಳಿಹಸಿರಾಗುತ್ತದೆ. ಟಬೂಬಿಯಾ ಮುಗಿಯುವಷ್ಟರಲ್ಲಿ ಜಕರಾಂಡ, ಆಮೇಲೆ ಗುಲ್‌ಮೊಹರ್. ಹೀಗೆ ಒಂದಾದ ಮೇಲೆ ಒಂದು ಹೂ ಬಿಡುವಂತೆ ಮರ ನೆಡಿಸಿದವರು ಒಬ್ಬ ಜರ್ಮನ್. ಡ್ರೆಸ್ಡನ್ ಹತ್ತಿರ 1865ರಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್, 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಸಮಾಧಿ ಹೊಸೂರು ರಸ್ತೆಯಲ್ಲಿದೆ. ಇದನ್ನು ನನ್ನ ಬವೇರಿಯಾದ ಜನರಿಗೆ ಹೇಳಿದರೆ ಖುಷಿಪಡುತ್ತಾರೆ. ನೀವು ನಮಗೆ ಒಬ್ಬ ತೋಟಗಾರನನ್ನು ಕೊಟ್ಟಿರಿ, ನಾವು ನಿಮಗೆ ಪಾದ್ರಿಗಳನ್ನು ಕಳಿಸುತ್ತಿದ್ದೇವೆ ಅನ್ನುತ್ತೇನೆ. ನಗುತ್ತಾರೆ.

ಪಾಸ್ಖದ ದಿನ ಗೊತ್ತು ಮಾಡುವುದೂ ಚಂದ್ರನೇ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದು ಬರುವ ಭಾನುವಾರ ಪಾಸ್ಖ. ಬೆಂಗಳೂರಿನ ಕರಗ ಚೈತ್ರದ ಹುಣ್ಣಿಮೆ ರಾತ್ರಿ. ಕೆಲವು ವರ್ಷ ಒಂದು ತಿಂಗಳು ಆಚೀಚೆ ಆಗುತ್ತದೆ, ಎಷ್ಟೋ ವರ್ಷ ಎರಡಕ್ಕೂ ಒಂದೇ ಹುಣ್ಣಿಮೆ. 2022ರಲ್ಲಿ ಕರಗ ಏಪ್ರಿಲ್ 16ರ ರಾತ್ರಿ, ಪಾಸ್ಖ 17ಕ್ಕೆ. ಅಂದರೆ ನಾವು ಪಾಸ್ಖ ಜಾಗರಣೆಗೆ ಹೊಸ ಬೆಂಕಿ ಹೊತ್ತಿಸಿದ ರಾತ್ರಿಯೇ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟಿತ್ತು. 2023ರಲ್ಲಿ ಅದು ಪಾಸ್ಖಕ್ಕೆ ಮೂರು ದಿನ ಮುಂಚಿನ ಪವಿತ್ರ ಗುರುವಾರಕ್ಕೆ ಬಿತ್ತು. ಪೇಟೆಯ ಕಡೆಯ ಕಥೋಲಿಕರು ಪೂಜೆ ಮುಗಿಸಿ ಕರಗ ನೋಡಲು ಹೋಗುವುದು ಹೊಸದೇನಲ್ಲ. ಕರಗವೇ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ, ಅಲ್ವಾ? ಇಂಥ ಹುಣ್ಣಿಮೆಯೊಂದು ಬವೇರಿಯಾದ ನನ್ನ ಹಳ್ಳಿಗಳಿಗೆ ಗೊತ್ತಿಲ್ಲ. ಅಲ್ಲಿ ಊರೆಲ್ಲ ಒಂದೇ ಧರ್ಮದ್ದಾಗಿತ್ತು. ಪಕ್ಕದ ಮನೆಯವರ ಹಬ್ಬ ನೋಡಿ ತಮ್ಮ ಹಬ್ಬ ಗಟ್ಟಿ ಮಾಡಿಕೊಳ್ಳುವ ಸಂದರ್ಭವೇ ಅವರಿಗೆ ಬರಲಿಲ್ಲ.

ಪಾಸ್ಖಕ್ಕೆ ಹಿಂದಿನ ವಾರದ ಗರಿಗಳ ಭಾನುವಾರ ಮಾತ್ರ ಎರಡೂ ಕಡೆ ಒಂದೇ ಸಡಗರ. ಇಲ್ಲಿ ತೆಂಗಿನ ಗರಿ. ಅಲ್ಲಿ ತೆಂಗು ಎಲ್ಲಿಂದ ಬರಬೇಕು? ನುಣ್ಣನೆ ಬೆಳ್ಳಿಮೊಗ್ಗಿನ ವಿಲ್ಲೋ ಕೊಂಬೆಗಳನ್ನು ಬಣ್ಣದ ರಿಬ್ಬನ್ ಹಾಕಿ ಕಟ್ಟುತ್ತಾರೆ. ಮಂತ್ರಿಸಿದ ಮೇಲೆ ಅದನ್ನು ಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ನಮ್ಮಮ್ಮ ಯೇಸುವಿನ ಪಟದ ಹಿಂದೆ ಗರಿ ಸಿಕ್ಕಿಸುತ್ತಿದ್ದುದೂ ಹಾಗೇ. ಉಪವಾಸದ ವಿಷಯದಲ್ಲಿ ಮಾತ್ರ ಅವರು ಜಾಣರು. ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳು ತಪಸ್ಸುಕಾಲಕ್ಕೆಂದೇ ಗಟ್ಟಿ ಬಿಯರ್ ಕಾಯಿಸುತ್ತಿದ್ದರು, ಕುಡಿಯುವುದರಿಂದ ಉಪವಾಸ ಮುರಿಯುವುದಿಲ್ಲ ಅನ್ನುವ ಲೆಕ್ಕ. ಈಗಲೂ ಮಾರ್ಚಿನಲ್ಲಿ ಆ ಬಿಯರಿನದೇ ಒಂದು ಹಬ್ಬ ನಡೆಯುತ್ತದೆ. ನಮ್ಮ ಕಡೆ ಶುಭ ಶುಕ್ರವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಗಂಜಿ, ಉಪ್ಪಿನಕಾಯಿ. ನನ್ನ ಓಟು ಗಂಜಿಗೆ.

ಇನ್ನು ನಾಟಕ. ಬವೇರಿಯಾದ ಒಬರಾಮರ್‌ಗೌ ಊರಿನವರು 1633ರಲ್ಲಿ ಪ್ಲೇಗ್ ಬಂದಾಗ ಹರಕೆ ಹೊತ್ತು, ಮರುವರ್ಷದಿಂದ ಯೇಸುವಿನ ಯಾತನೆಯ ನಾಟಕ ಆಡುತ್ತಾ ಬಂದಿದ್ದಾರೆ. ಹತ್ತು ವರ್ಷಕ್ಕೊಮ್ಮೆ. ಆ ಊರಲ್ಲಿ ಹುಟ್ಟಿರಬೇಕು ಅಥವಾ ಇಪ್ಪತ್ತು ವರ್ಷ ಅಲ್ಲಿ ಬಾಳಿರಬೇಕು, ಅಂಥವರಿಗೆ ಮಾತ್ರ ಪಾತ್ರ. ಕೊರೊನಾದಿಂದ 2020ರ ನಾಟಕ 2022ಕ್ಕೆ ಹೋಯಿತು. ಆಗ ಯೇಸುವನ್ನು ಹಿಡಿದುಕೊಟ್ಟ ಯೂದನ ಪಾತ್ರ ಮಾಡಿದವರಲ್ಲಿ ಒಬ್ಬ ಆ ಊರಿನ ಮುಸ್ಲಿಂ ಹುಡುಗ. ಲೋಕದ ಮೂಲೆಮೂಲೆಯಿಂದ ಜನ ಬಂದು ನೋಡುತ್ತಾರೆ. ಕನಕಪುರದ ಹತ್ತಿರದ ಹಾರೋಬೆಲೆಯವರೂ ಯೇಸುವಿನ ಯಾತನೆಯನ್ನು ನಾಟಕವಾಗಿ ಆಡುತ್ತಾರೆ, ಅದಕ್ಕೆ ‘ಮಹಿಮೆ’ ಅಂತಲೇ ಹೆಸರು. ನೂರು ವರ್ಷಕ್ಕೂ ಹಳೆಯದು. ಊರಿಗೆ ಊರೇ ನಿಂತು ಮಾಡುವ ಕೆಲಸ. ಬೆಂಗಳೂರಿನಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರು, ನಮ್ಮ ನಗರದ ಎಷ್ಟು ಕಥೋಲಿಕರು ನೋಡಿದ್ದಾರೋ!

ಈಗ ಎರಡನೇ ಪ್ರಶ್ನೆಗೆ ಬರೋಣ.

ಜರ್ಮನಿಯಲ್ಲಿ ಧರ್ಮಸಭೆಯ ಖರ್ಚು ನಡೆಯುವುದು ತೆರಿಗೆಯಿಂದ. ಬವೇರಿಯಾದಲ್ಲಿ ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ ಶೇಕಡ 8ರಷ್ಟು ಚರ್ಚಿಗೆ. ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ. ಬೇಡ ಅನ್ನಿಸಿದರೆ ಸರ್ಕಾರಿ ಕಚೇರಿಗೆ ಹೋಗಿ ಸಹಿ ಹಾಕಿ ಹೊರಬರಬೇಕು. ಆಮೇಲೆ ಊರಿನ ಧರ್ಮಕೇಂದ್ರಕ್ಕೆ (ಪ್ಯಾರಿಷ್) ಒಂದು ಕಾಗದ ಬರುತ್ತದೆ, ಇಂಥವರು ಬಿಟ್ಟರು ಅಂತ. ತೆರಿಗೆ ಉಳಿಸಲು ಬಿಟ್ಟವರಿದ್ದಾರೆ, ಸುಳ್ಳಲ್ಲ. ಆದರೆ 2022ರ ಜನವರಿಯಲ್ಲಿ ಮ್ಯೂನಿಕ್ ಮಹಾಧರ್ಮಪ್ರಾಂತ್ಯದ (ಆರ್ಚ್‌ಡಯಾಸಿಸ್) ವರದಿ ಹೊರಬಂತು. ಮಹಾಧರ್ಮಪ್ರಾಂತ್ಯವೇ ವಕೀಲರಿಂದ ಮಾಡಿಸಿದ ವರದಿ. 1945ರಿಂದ 2019ರವರೆಗೆ ಕನಿಷ್ಠ 497 ಮಂದಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು, ಅದರಲ್ಲಿ ಹೆಚ್ಚಿನವರು ಮಕ್ಕಳು, ಹದಿಹರೆಯದವರು. ಮೇಲಿನವರಿಗೆ ಎಷ್ಟೋ ಸಲ ಗೊತ್ತಿತ್ತು, ಸುಮ್ಮನಿದ್ದರು. ಆ ವರ್ಷ ಬಂದ ಕಾಗದಗಳಲ್ಲಿ ಅಜ್ಜಿಯರ ಹೆಸರುಗಳಿದ್ದವು. ಬಾಳೆಲ್ಲಾ ಜಪಸರ ಹಿಡಿದವರು, ಗುಡಿಯ ಹೂವು ಜೋಡಿಸಿದವರು. ಅವರಿಗೆ ದೇವರು ಬೇಡವಾದನೇ? ಬೇಡವಾದದ್ದು ಮುಚ್ಚಿಟ್ಟವರ ಸಹವಾಸ.

ನಮ್ಮೂರಲ್ಲಿ ಪಾಸ್ಖ ಆದ ಮೇಲೆ ಗುರುಗಳು ಹೊಸ ತೀರ್ಥ ಹಿಡಿದು ಮನೆಮನೆ ಮಂತ್ರಿಸಲು ಬರುತ್ತಿದ್ದರು. ಆ ಅಭ್ಯಾಸ ನನ್ನ ಕಾಲಲ್ಲಿ ಉಳಿದಿದೆ. ಹಾಗಾಗಿ ಬಿಟ್ಟವರ ಮನೆಗೂ ಹೋಗಿ ಬಾಗಿಲು ತಟ್ಟುತ್ತೇನೆ. ಒಬ್ಬರು ಬಾಗಿಲು ತೆಗೆದವರೇ ಗಾಬರಿಯಿಂದ ‘ಯಾರು ತೀರಿಕೊಂಡರು?’ ಅಂದರು. ಯಾರೂ ಇಲ್ಲ, ಸುಮ್ನೆ ಬಂದೆ ಅಂದರೆ ನಂಬಲಿಲ್ಲ. ಸುಮ್ನೆ ಬರುವುದು ಅಂದರೇನು ಅಂತ ಅಲ್ಲಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಕಾಫಿ ಕೊಟ್ಟರು. ದುಡಿಯಲು ಶುರು ಮಾಡಿದಾಗಿನಿಂದ ತೆರಿಗೆ ಕಟ್ಟಿದ್ದೇನೆ, ಅಪ್ಪ ಸತ್ತಾಗ ಬಿಟ್ಟರೆ ಚರ್ಚಿನವರು ಯಾರೂ ಈ ಹೊಸ್ತಿಲು ದಾಟಿಲ್ಲ ಅಂದರು. ಅವರು ವಾಪಸು ಸೇರಲಿಲ್ಲ. ಆದರೆ ಗರಿಗಳ ಭಾನುವಾರಕ್ಕೆ ಕೊಂಬೆ ಕಡಿದು ತಂದುಕೊಡುವವರು ಈಗ ಅವರೇ.

ಹೀಗೆ ಸುಮ್ನೆ ಒಬ್ಬರ ಮನೆಗೆ ಒಬ್ಬರು ಹೋಗುವುದೇ ಬೆಂಗಳೂರಿನ ದೊಡ್ಡ ಆಸ್ತಿ. ಇಲ್ಲಿ ಕಾಯಿಲೆ ಬಿದ್ದರೆ ಪಕ್ಕದ ಮನೆಯ ಹೆಂಗಸರೇ ಸ್ವಾಮಿಯವರಿಗೆ ಫೋನ್ ಮಾಡುತ್ತಾರೆ. ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಯವರು ಅಕ್ಕಿ ಮೂಟೆ ಹೊತ್ತು ಹೋಗುತ್ತಾರೆ. ಬೆಳಗ್ಗೆ ತಮಿಳು ಪೂಜೆ, ಆಮೇಲೆ ಕನ್ನಡ, ಆಮೇಲೆ ಇಂಗ್ಲಿಷ್. ಭಾಷೆ ಹೆಸರಲ್ಲಿ ಜಗಳ ಆಡಿಕೊಂಡೂ ಒಂದೇ ಅಂಗಳದಲ್ಲಿ ಬಾಳುತ್ತಾರೆ. (ಈ ಜಗಳದಲ್ಲಿ ನಾನು ಕನ್ನಡದ ಪಕ್ಷ, ಮುಚ್ಚುಮರೆಯಿಲ್ಲ. ಬೆಂಗಳೂರಿನಲ್ಲಿ ಕನ್ನಡದ ಪೂಜೆಗೆ ಒಳ್ಳೆಯ ಹೊತ್ತು ಕೇಳುವುದು ತಪ್ಪೇ?)

ಆದರೆ ಇಲ್ಲಿ ಕೆಲಸ ಎಲ್ಲರದು, ತೀರ್ಮಾನ ಒಬ್ಬರದು. ತೇರು ಕಟ್ಟುವವರು ಜನ, ಚಂದಾ ಎತ್ತುವವರು ಜನ, ಗಂಜಿ ಬೇಯಿಸುವವರು ಜನ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಕೇಳಿದರೆ ‘ಸ್ವಾಮಿಯವರಿಗೆ ಗೊತ್ತಿರುತ್ತೆ ಬಿಡಿ.’ ಬವೇರಿಯಾದ ನನ್ನ ಖಾಲಿ ಚರ್ಚುಗಳಲ್ಲಿ ಹಾಗೆ ನಡೆಯುವುದಿಲ್ಲ. ಪಾಲನಾ ಮಂಡಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. 2022ರ ಮಾರ್ಚಿನಲ್ಲಿ, ತಪಸ್ಸುಕಾಲದ ನಡುವೆಯೇ ಆಯಿತು. ಹಣ ನೋಡಿಕೊಳ್ಳುವ ಸಮಿತಿ ಬೇರೆ, ಅದಕ್ಕೂ ಜನರೇ ಓಟು ಹಾಕುತ್ತಾರೆ. ಚಾವಣಿ ರಿಪೇರಿಗೆ ಇಷ್ಟು ಅಂದರೆ ರೈತರೊಬ್ಬರು ಕನ್ನಡಕ ಏರಿಸಿ, ಮೂರು ಕೊಟೇಶನ್ ಎಲ್ಲಿ ಅಂತ ನನ್ನನ್ನೇ ಕೇಳುತ್ತಾರೆ. ಮೊದಮೊದಲು ಕಸಿವಿಸಿ ಆಗುತ್ತಿತ್ತು, ಸ್ವಾಮಿಯ ಮಾತಿಗೆ ಎದುರು ಮಾತೇ ಅಂತ. ಈಗ ಆ ಪ್ರಶ್ನೆ ಬರದಿದ್ದರೆ ನಿದ್ದೆ ಬರುವುದಿಲ್ಲ.

ಇದು ಜರ್ಮನಿಯ ಶೋಕಿ ಅಂತ ಯಾರೂ ತಳ್ಳಿಹಾಕಬೇಡಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಮಂಡಳಿ ಇರಲೇಬೇಕು, ಅದು ಬೇಗೂರಿಗೂ ಒಂದೇ ಬವೇರಿಯಾಕ್ಕೂ ಒಂದೇ. ಇಲ್ಲೂ ಅನೇಕ ಕಡೆ ಮಂಡಳಿ ಇದೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿದೆ. ಆದರೆ ಅದರಲ್ಲಿ ಯಾರಿದ್ದಾರೆ, ಹೋದ ವರ್ಷದ ಲೆಕ್ಕ ಏನಾಯಿತು ಅಂತ ಪೂಜೆಗೆ ಬರುವವರನ್ನು ಕೇಳಿ ನೋಡಿ.

ನನ್ನ ಜೊತೆಯ ಗುರುಗಳು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಾರೆ. ‘ಲೆಕ್ಕ ಬೋರ್ಡಿಗೆ ಹಾಕಿದರೆ ಜನ ಮಾತಾಡಿಕೊಳ್ತಾರಪ್ಪ, ನಂಬಿಕೆ ಹೋಗುತ್ತೆ.’ ಹಾಕದಿದ್ದರೂ ಮಾತಾಡಿಕೊಳ್ಳುತ್ತಾರೆ, ನಮ್ಮ ಕಿವಿಗೆ ಬೀಳುವುದಿಲ್ಲ ಅಷ್ಟೇ. ಈಗಿನ ಹುಡುಗ ಹುಡುಗಿಯರು ಕಂಪನಿಗಳಲ್ಲಿ ದಿನವೂ ಲೆಕ್ಕ ಒಪ್ಪಿಸುವವರು. ಅಪ್ಪ ಅಮ್ಮನ ಹಾಗೆ ಸುಮ್ಮನೆ ಕಾಣಿಕೆ ಹಾಕಿ ಕೈ ಮುಗಿದು ಹೋಗುವವರಲ್ಲ. ಅವರು ಜರ್ಮನರ ಹಾಗೆ ಕಚೇರಿಗೆ ಹೋಗಿ ಸಹಿ ಹಾಕುವುದೂ ಇಲ್ಲ, ಇಲ್ಲಿ ಅಂಥ ಕಚೇರಿಯೇ ಇಲ್ಲ. ಬರುವುದು ನಿಲ್ಲಿಸುತ್ತಾರೆ. ನಮಗೆ ಯಾವ ಕಾಗದವೂ ಬರುವುದಿಲ್ಲ, ಯಾರ ಬಾಗಿಲು ತಟ್ಟಬೇಕು ಅಂತಲೂ ಗೊತ್ತಾಗುವುದಿಲ್ಲ.

ಶುರು ಮಾಡುವುದಕ್ಕೆ ದೊಡ್ಡ ಸಭೆ ಬೇಕಾಗಿಲ್ಲ. ಶುಭ ಶುಕ್ರವಾರದ ಕಾಣಿಕೆ ಯೇಸು ಬಾಳಿದ ಪವಿತ್ರ ನಾಡಿನ ಕ್ರೈಸ್ತರಿಗೆ ಹೋಗುತ್ತದೆ. ಆ ಒಂದು ಮೊತ್ತವನ್ನು ಮದುವೆ ಪ್ರಕಟಣೆಯ ಪಕ್ಕದಲ್ಲಿ ಅಂಟಿಸಲಿ. ಮುಂದಿನ ವಾರ ತೇರಿನ ಖರ್ಚು. ಆಮೇಲೆ ಗಂಜಿಯದು, ಅಕ್ಕಿ ಎಷ್ಟು ಮೂಟೆ, ಗ್ಯಾಸ್ ಎಷ್ಟು ಸಿಲಿಂಡರ್. ಬೇಯಿಸಿದ ಹೆಂಗಸರಿಗೆ ಅದು ಹೇಗೂ ಗೊತ್ತು. ಬೋರ್ಡಿನಲ್ಲಿ ತಪ್ಪಿದ್ದರೆ ಅವರೇ ತಿದ್ದುತ್ತಾರೆ.