ನ್ಯೂಕ್ಯಾಸಲ್ ಬಿಟ್ಟುಕೊಡದ ಮೈದಾನ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರೈಲು ಇಳಿದು ಹದಿನೈದು ನಿಮಿಷ ನಡೆದರೆ ಸೇಂಟ್ ಜೇಮ್ಸ್ ಪಾರ್ಕ್ ಸಿಗುತ್ತದೆ. 52 ಸಾವಿರ ಜನ ಕೂರುವ ಫುಟ್ಬಾಲ್ ಸ್ಟೇಡಿಯಂ ಅದು. ಅಂಗಡಿ ಬೀದಿ, ಯೂನಿವರ್ಸಿಟಿ, ದೊಡ್ಡಾಸ್ಪತ್ರೆ ಎಲ್ಲಾ ಅಕ್ಕಪಕ್ಕದಲ್ಲೇ ಇವೆ. ಮ್ಯಾಚ್ ದಿನ ಅಜ್ಜ, ಮಗಳು, ಮೊಮ್ಮಗ ಕಪ್ಪು ಬಿಳುಪು ಪಟ್ಟೆಯ ಅಂಗಿ ಹಾಕಿಕೊಂಡು ಮಾತಾಡುತ್ತಾ ನಡೆದೇ ಹೋಗುತ್ತಾರೆ. ಈ ಊರಲ್ಲಿ ನೆಲೆಸಿದ ಮೇಲೆ ನನಗೆ ತುಂಬಾ ಹಿಡಿಸಿದ್ದು ಇದು. ಬೆಂಗಳೂರಿಗೂ ಇಂಥದ್ದು ಬೇಕು ಅಂತ ಗಟ್ಟಿಯಾಗಿ ಹೇಳಬೇಕು ಅನಿಸುವುದೂ ಇದಕ್ಕೇ.

ಈ ಜಾಗದಲ್ಲಿ 1880ರಿಂದಲೂ ಫುಟ್ಬಾಲ್ ಆಡುತ್ತಿದ್ದಾರೆ. ಆಗ ಅದು ದನ ಕುರಿ ಮೇಯುವ ಇಳಿಜಾರು ನೆಲ. ಊರಲ್ಲಿದ್ದ ಎರಡು ಕ್ಲಬ್‌ಗಳಲ್ಲಿ ವೆಸ್ಟ್ ಎಂಡ್ 1892ರಲ್ಲಿ ಮುಚ್ಚಿತು. ಈಸ್ಟ್ ಎಂಡ್‌ನವರು ಆ ಮೈದಾನಕ್ಕೆ ಬಂದು, ಅದೇ ವರ್ಷ ನ್ಯೂಕ್ಯಾಸಲ್ ಯುನೈಟೆಡ್ ಅಂತ ಹೆಸರಿಟ್ಟುಕೊಂಡರು. ಅಲ್ಲಿಂದ ಇಲ್ಲಿವರೆಗೂ ಕ್ಲಬ್ ಜಾಗ ಬದಲಿಸಿಲ್ಲ.

ನೆಲ ಕ್ಲಬ್ಬಿನದಲ್ಲ ಅನ್ನುವುದು ನನ್ನ ಮಟ್ಟಿಗೆ ಇಲ್ಲಿ ಮುಖ್ಯ ವಿಷಯ. ಅದು ಊರಿನ ಹಳೆಯ ಗೋಮಾಳಕ್ಕೆ ಸೇರಿದ್ದು. ಅದರ ಮೇಲೆ ನಗರಸಭೆಗೆ ಮತ್ತು ‘ಫ್ರೀಮನ್’ ಅನ್ನುವ ಹಳೆಯ ನಗರವಾಸಿಗಳ ಸಂಘಕ್ಕೆ ಹಕ್ಕಿದೆ. ಕ್ಲಬ್ ಲೀಸ್ ಮೇಲಿದೆ. ಪಕ್ಕದ ಟೌನ್ ಮೂರ್ ಬಯಲಲ್ಲಿ ಬೇಸಿಗೆಯಲ್ಲಿ ಈಗಲೂ ದನ ಮೇಯುತ್ತವೆ. ಕ್ಲಬ್ಬಿಗೆ ಮಾಲೀಕರು ಯಾರೇ ಬರಲಿ, ಈ ನೆಲದಲ್ಲಿ ಊರಿಗೂ ಒಂದು ಮಾತಿದೆ.

ಅದು ಬರೀ ಕಾಗದದ ಮೇಲಿನ ಮಾತಲ್ಲ. ಸ್ಟೇಡಿಯಂನ ಪೂರ್ವದ ಸ್ಟ್ಯಾಂಡ್ ಮಾತ್ರ ಗಿಡ್ಡ. ಅದರ ಬೆನ್ನಿಗೇ 1830ರ ಸುಮಾರಿನ ಲೀಜಸ್ ಟೆರೇಸ್ ಅನ್ನುವ ಮನೆಸಾಲು ಇದೆ. ರಕ್ಷಿತ ಕಟ್ಟಡವಾದ್ದರಿಂದ ಅದನ್ನು ಮುಟ್ಟುವ ಹಾಗಿಲ್ಲ. ಒಂದು ಕಡೆ ಮುಗಿಲೆತ್ತರ, ಇನ್ನೊಂದು ಕಡೆ ತಗ್ಗು. ಆ ವಾರೆಕೋರೆ ರೂಪ ನನಗೆ ಚೆಂದ ಕಾಣುತ್ತದೆ. 1990ರ ದಶಕದಲ್ಲಿ ಆಗಿನ ಮಾಲೀಕ ಸರ್ ಜಾನ್ ಹಾಲ್ ಕ್ಯಾಸಲ್ ಲೀಜಸ್ ಬಯಲಲ್ಲಿ ಹೊಸ ಸ್ಟೇಡಿಯಂ ಕಟ್ಟಲು ಹೊರಟರು. ಬಯಲು ಉಳಿಯಲಿ ಅಂತ ಊರವರು ವಿರೋಧಿಸಿದರು, ಯೋಜನೆ ನಿಂತಿತು. ಕೊನೆಗೆ ಹಳೇ ಜಾಗದಲ್ಲೇ ಎರಡು ಸ್ಟ್ಯಾಂಡ್‌ಗಳನ್ನು ಎತ್ತರಿಸಿದರು. ಸುಮಾರು 36 ಸಾವಿರ ಇದ್ದ ಆಸನ 2000ದ ಹೊತ್ತಿಗೆ 52 ಸಾವಿರ ದಾಟಿತು.

2011ರಲ್ಲಿ ಇನ್ನೊಬ್ಬ ಮಾಲೀಕ ಮೈಕ್ ಆಶ್ಲಿ ತಮ್ಮ ಅಂಗಡಿಯ ಹೆಸರನ್ನೇ ಸ್ಟೇಡಿಯಂಗೆ ಇಟ್ಟರು. ಜನ ಒಪ್ಪಲಿಲ್ಲ. ಗೋಡೆ ಮೇಲೆ ಹಳೇ ಹೆಸರನ್ನು ಬಣ್ಣದಲ್ಲಿ ಬರೆದರು. ಮರುವರ್ಷ ಹೊಸ ಪ್ರಾಯೋಜಕರು ಬಂದು ಹಳೇ ಹೆಸರನ್ನೇ ಮರಳಿ ಕೊಟ್ಟರು. ತಂಡ ಗೆಲ್ಲುತ್ತಿದ್ದುದರಿಂದ ಹುಟ್ಟಿದ ಪ್ರೀತಿಯೂ ಅಲ್ಲ ಇದು. 1955ರ ಎಫ್‌ಎ ಕಪ್ ಆದಮೇಲೆ ಇವರಿಗೆ ದೇಶದೊಳಗಿನ ದೊಡ್ಡ ಕಪ್ ಸಿಕ್ಕಿದ್ದು 2025ರಲ್ಲಿ, ಲಿವರ್‌ಪೂಲನ್ನು ಸೋಲಿಸಿ. ತಂಡ ಎರಡನೇ ದರ್ಜೆಗೆ ಇಳಿದಿದ್ದ 2016–17ರಲ್ಲೂ ಸರಾಸರಿ 51 ಸಾವಿರ ಜನ ಬಂದು ಕೂತರು.

ನಮ್ಮಲ್ಲಿ ಫುಟ್ಬಾಲ್ ಪ್ರೀತಿ ಕಡಿಮೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್, 1948ರಲ್ಲಿ, ಫ್ರಾನ್ಸ್ ವಿರುದ್ಧ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ತಂಡ ನಾಲ್ಕು ಸಲ ಗೆದ್ದಿದೆ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಈಗಲೂ ಮಕ್ಕಳ ಕಾಲಲ್ಲಿ ಚೆಂಡಿರುತ್ತದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಆ ಸೀಸನ್ ಆಡಿದ್ದು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ.

ಮುಂದಿನ ಸೀಸನ್‌ಗೆ ಕ್ಲಬ್ ಕಂಠೀರವಕ್ಕೆ ಹೋಯಿತು. ಅದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಅಥ್ಲೆಟಿಕ್ಸ್ ಸ್ಟೇಡಿಯಂ. ಪ್ರೇಕ್ಷಕರಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಬರುತ್ತದೆ. ಗೋಲಿನ ಹಿಂದೆ ಕೂತವರಿಗಂತೂ ಆಟ ತುಂಬಾ ದೂರ. ಅಭ್ಯಾಸಕ್ಕೆ ಜಾಗ ಸಿಗುತ್ತಿಲ್ಲ ಅಂತ ಓಟಗಾರರೂ ದೂರಿದರು. ಅವರ ದೂರು ನ್ಯಾಯವಾದದ್ದೇ, ಅಲ್ವಾ? ಒಂದೇ ಜಾಗವನ್ನು ಇಬ್ಬರಿಗೂ ಕೊಟ್ಟು ಇಬ್ಬರನ್ನೂ ನೋಯಿಸಿದೆವು. ಅಷ್ಟಾದರೂ ಬೆಂಗಳೂರು ಎಫ್‌ಸಿಯ ಅಭಿಮಾನಿಗಳಾದ ವೆಸ್ಟ್ ಬ್ಲಾಕ್ ಹುಡುಗರು ತೊಂಬತ್ತು ನಿಮಿಷವೂ ಹಾಡುತ್ತಲೇ ಇರುತ್ತಾರೆ. ಅವರ ಬಗ್ಗೆ ನನಗೆ ಹೆಮ್ಮೆ.

ನ್ಯೂಕ್ಯಾಸಲ್‌ನಲ್ಲಿ ಎಲ್ಲಾ ಸರಿ ಅಂತಲ್ಲ. ಟಿಕೆಟ್ ಸಿಗುವುದೇ ಕಷ್ಟ, ಬೆಲೆಯೂ ಜಾಸ್ತಿ. ಊರಿನ ಬಡ ಮನೆಯ ಎಷ್ಟೋ ಮಕ್ಕಳು ಹೊರಗಿಂದಲೇ ಕೂಗು ಕೇಳಿಸಿಕೊಳ್ಳುತ್ತಾರೆ. 2021ರಲ್ಲಿ ಕ್ಲಬ್ಬಿಗೆ ಸೌದಿ ಹಣ ಬಂದಮೇಲೆ ಹೊಸ ಸ್ಟೇಡಿಯಂ ಮಾತು ಮತ್ತೆ ಎದ್ದಿದೆ. ಇಷ್ಟು ಜನಕ್ಕೆ ಜಾಗ ಸಾಲುತ್ತಿಲ್ಲ ಅನ್ನುವುದು ನಿಜವೇ. ಆದರೂ ಊರಿನ ಮಧ್ಯದಿಂದ ದೂರ ಹೋಗಬಾರದು ಅನ್ನುವವರ ಪರ ನಾನು.

ಬೆಂಗಳೂರಲ್ಲಿ ಸ್ಟೇಡಿಯಂ ಅಂದ ಕೂಡಲೇ ಊರಾಚೆ ನೂರಾರು ಎಕರೆ ಹುಡುಕುತ್ತೇವೆ. ಅಷ್ಟು ದೂರ ಯಾಕೆ ಹೋಗಬೇಕು? ಅಶೋಕನಗರದ ಮೈದಾನ ಊರ ನಡುವೆಯೇ ಇದೆ. ಎಂ.ಜಿ. ರಸ್ತೆ ಮೆಟ್ರೋ ಇಳಿದು ನಡೆದೇ ಹೋಗಬಹುದು. ಅಲ್ಲಿ ಟ್ರ್ಯಾಕ್ ಇಲ್ಲ, ಅದು ಫುಟ್ಬಾಲಿಗೆಂದೇ ಇರುವ ಜಾಗ. ಅದನ್ನೇ ಚೆನ್ನಾಗಿ ಕಟ್ಟಲಿ. ಸ್ಟ್ಯಾಂಡ್ ಗೆರೆಗೆ ಹತ್ತಿರ ಬರಲಿ, ಮಳೆಗೆ ಮಾಡು ಇರಲಿ. ಜಿಲ್ಲಾ ಲೀಗ್ ಹುಡುಗರೂ ದೊಡ್ಡ ಕ್ಲಬ್ಬಿನವರೂ ಅಲ್ಲೇ ಆಡಲಿ. ನೆಲ ಸಾರ್ವಜನಿಕರದ್ದಾಗಿಯೇ ಇರಲಿ, ಆಸ್ಟಿನ್ ಟೌನ್ ಮಕ್ಕಳ ಕೈಗೆಟುಕುವ ಟಿಕೆಟ್ ಮೊದಲ ದಿನದಿಂದಲೇ ಇರಲಿ. ಕಂಠೀರವವನ್ನು ಪೂರ್ತಿಯಾಗಿ ಓಟಗಾರರಿಗೆ ಬಿಟ್ಟುಕೊಡೋಣ.