ಸ್ಪಷ್ಟನೆ: ಮಾತು ಕಡಿಮೆ ಇದ್ದವರು ಟೀಮಿಗೆ ಭಾರವಲ್ಲ

ಬೆಂಗಳೂರಿನ ಆಫೀಸ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಮೀಟಿಂಗ್‌ನಲ್ಲಿ ಬಾಯಿ ಬಿಡದವರು ಟೀಮ್ ನಡೆಸಲಾರರು, ಸಂಶೋಧನೆಯೇ ಹೇಳಿದೆ.’ ಇದು ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಸಂಗಡಿಗರು ಪಿಜ್ಜಾ ಅಂಗಡಿಗಳ ಲೆಕ್ಕ ನೋಡಿದರು. ಹೇಳಿದಷ್ಟೇ ಮಾಡುವ ಕೆಲಸಗಾರರಿದ್ದ ಕಡೆ ಮಾತುಗಾರ ಮ್ಯಾನೇಜರ್ ಇದ್ದರೆ ಲಾಭ ಜಾಸ್ತಿ. ತಾವಾಗಿಯೇ ಸಲಹೆ ಕೊಡುವವರಿದ್ದ ಕಡೆ ಉಲ್ಟಾ. ಅಲ್ಲಿ ಮಾತು ಕಡಿಮೆ ಇರುವ ಮ್ಯಾನೇಜರ್‌ಗಳೇ ಮುಂದೆ. ಕಿವಿಗೊಡುವವರಿದ್ದರೆ ತಾನೇ ಸಲಹೆ ಕೆಲಸಕ್ಕೆ ಬರುವುದು, ಅಲ್ವಾ?

ನಮ್ಮ ಟೀಮಿನಲ್ಲೇ ನೋಡಿದ್ದೇನೆ. ಒಬ್ಬಳು ಹುಡುಗಿ ಮೀಟಿಂಗ್ ಪೂರ್ತಿ ನೋಟ್‌ಬುಕ್‌ನಲ್ಲಿ ಚೌಕ ಬರೆಯುತ್ತಾ ಸುಮ್ನೆ ಕೂತಿದ್ದಳು. ಸಂಜೆ ಒಂದೇ ಸಾಲಿನ ಮೇಲ್ ಬಂತು: ‘ಸರ್, ಬಟನ್ ಎರಡು ಸಲ ಒತ್ತಿದರೆ ದುಡ್ಡು ಎರಡು ಸಲ ಕಟ್ ಆಗುತ್ತೆ.’ ಉಳಿದ ಆರು ಜನರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆದರೆ ಗ್ರಾಹಕರಿಗೆ ಫೋನ್ ಮಾಡಿ, ಸಮಾಧಾನ ಹೇಳಿ, ಒಂದು ದಿನ ಟೈಮ್ ಕೇಳಿದವನು ನಮ್ಮ ಮಾತಿನಮಲ್ಲ. ಆ ಕೆಲಸ ಅವಳ ಕೈಲಿ ಆಗುತ್ತಿರಲಿಲ್ಲ, ನನ್ನ ಕೈಲೂ ಆಗುತ್ತಿರಲಿಲ್ಲ.

ಈಗ ಮೀಟಿಂಗ್ ವಿಷಯವನ್ನು ಹಿಂದಿನ ದಿನವೇ ಕಳಿಸುತ್ತೇವೆ. ಅವಳು ಬರೆದುಕೊಂಡು ಬರುತ್ತಾಳೆ, ಮೊದಲು ಅವಳೇ ಓದುತ್ತಾಳೆ.