ಮಹಿಳಾ ಕಾಲೇಜು ಸಾಕರ್: ಕೋಚ್‌ನ ಯೋಗ್ಯತೆಗೆ ಗೆಲುವೇ ಮೊದಲ ಅಳತೆಯೇ?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಮುನ್ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಮಹಿಳಾ ಸಾಕರ್ ತಂಡಗಳಿವೆ. ಆಗಸ್ಟ್‌ನಲ್ಲಿ ಶುರುವಾದ ಪಂದ್ಯಗಳು ನವೆಂಬರ್ ಹೊತ್ತಿಗೆ ಮುಗಿಯುತ್ತಿದ್ದಂತೆ, 64 ತಂಡಗಳ ರಾಷ್ಟ್ರೀಯ ಟೂರ್ನಿಗೆ ಹೋಗಲಾರದ ಹಲವು ಕಡೆ ಮುಖ್ಯ ಕೋಚ್‌ನ ಕುರ್ಚಿ ಅಲುಗಾಡತೊಡಗುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳುಹಿಸಬೇಕು, ಖಾಲಿಯಾದ ಜಾಗಕ್ಕೆ ಯಾರನ್ನು ತರಬೇಕು ಎಂದು ನಿರ್ಧರಿಸುವ ಕ್ರೀಡಾ ನಿರ್ದೇಶಕರು ಸೋಲು-ಗೆಲುವಿನ ದಾಖಲೆಯನ್ನೇ ಮೊದಲ ಅಳತೆಯಾಗಿ ಇಟ್ಟುಕೊಳ್ಳಬೇಕೆ? ಎರಡೂ ಕಡೆಯ ವಾದಗಳನ್ನು ಬಲ ಕುಂದಿಸದೆ ಮುಂದಿಡುತ್ತೇನೆ. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮೊದಲೇ ತಿಳಿಸುವುದು ನ್ಯಾಯ.

ಪರ: ದಾಖಲೆ ಎಲ್ಲರಿಗೂ ಒಂದೇ

ಗೆಲುವಿನ ದಾಖಲೆಯ ದೊಡ್ಡ ಗುಣವೆಂದರೆ ಅದು ಎಲ್ಲರ ಕಣ್ಣೆದುರಿಗಿರುತ್ತದೆ. ಕೋಚ್ ನೇಮಕವು ಬಹುಮಟ್ಟಿಗೆ ಪರಿಚಯದ ಮೇಲೆ, ಒಬ್ಬರು ಇನ್ನೊಬ್ಬರ ಬಗ್ಗೆ ಹೇಳುವ ಒಳ್ಳೆಯ ಮಾತಿನ ಮೇಲೆ ನಡೆಯುವ ಕ್ಷೇತ್ರದಲ್ಲಿ, ಆ ಪರಿಚಯದ ವಲಯಕ್ಕೆ ಹೊರಗಿನವರಾದವರಿಗೆ ತಾವು ಗೆದ್ದ ಪಂದ್ಯಗಳೇ ನಂಬಬಹುದಾದ ಶಿಫಾರಸು. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದ 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಹಿಳೆಯರೇ ಆಗಿದ್ದರು. ಆ ಕಾನೂನಿನ ಫಲವಾಗಿ ತಂಡಗಳಿಗೆ ಹಣವೂ ಹುದ್ದೆಗೆ ಘನತೆಯೂ ಬಂದಂತೆ ಪುರುಷರು ಬಂದರು; ಇಂದು ಸಾಕರ್‌ನಲ್ಲಿ ಮಹಿಳಾ ಮುಖ್ಯ ಕೋಚ್‌ಗಳು ಅರ್ಧಕ್ಕಿಂತ ಬಹಳ ಕಡಿಮೆ. ಇಂತಹ ಕಡೆ ‘ವ್ಯಕ್ತಿತ್ವ’, ‘ನಾಯಕತ್ವ’ ಎಂಬ ಹಿಡಿತಕ್ಕೆ ಸಿಗದ ಮಾತುಗಳಿಂದ ಅಳೆಯಲು ಹೊರಟರೆ, ಆಯ್ಕೆ ಮಾಡುವವರು ತಮ್ಮಂತೆಯೇ ಇರುವವರನ್ನು ಆರಿಸಿಕೊಳ್ಳುವ ಸಂಭವವೇ ಹೆಚ್ಚು.

ಬೆಕಿ ಬರ್ಲಿ ಅವರ ಉದಾಹರಣೆ ಇಲ್ಲಿ ನೆನಪಿಸಿಕೊಳ್ಳಲು ಯೋಗ್ಯವಾದುದು. ಜಾರ್ಜಿಯಾದ ಬೆರಿ ಕಾಲೇಜು ಎಂಬ ಸಣ್ಣ ಸಂಸ್ಥೆಯ ತಂಡಕ್ಕೆ ಅವರು 1990 ಮತ್ತು 1993ರಲ್ಲಿ, ಹೆಚ್ಚಾಗಿ ಸಣ್ಣ ಕಾಲೇಜುಗಳ ಕ್ರೀಡಾ ಸಂಘವಾದ ಎನ್‌ಎಐಎಯ ಪ್ರಶಸ್ತಿಗಳನ್ನು ಗೆದ್ದುಕೊಟ್ಟಿದ್ದರು. 1995ರಲ್ಲಿ ಹೊಸದಾಗಿ ತಂಡ ಕಟ್ಟಿದ ಫ್ಲೋರಿಡಾ ವಿಶ್ವವಿದ್ಯಾಲಯ ಅವರನ್ನು ಕರೆತಂದಿತು, ನಾಲ್ಕನೆಯ ವರ್ಷಕ್ಕೇ, 1998ರಲ್ಲಿ, ಆ ತಂಡ ನಾರ್ತ್ ಕೆರೊಲೈನಾವನ್ನು 1-0 ಅಂತರದಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಸಣ್ಣ ಕಾಲೇಜಿನ ಗೆಲುವನ್ನು ಗೆಲುವೆಂದೇ ಎಣಿಸಿದ್ದರಿಂದ ಸಿಕ್ಕ ಫಲ ಅದು.

ಇನ್ನೊಂದು ಕಾರಣ ತಂಡದ ಒಳಗಿನದು. ಹೊಸ ನಿಯಮದ ಪ್ರಕಾರ ತಂಡವೊಂದರಲ್ಲಿ 28 ಮಂದಿಯವರೆಗೆ ಇರಬಹುದು, ಒಮ್ಮೆಗೆ ಮೈದಾನಕ್ಕಿಳಿಯುವವರು ಹನ್ನೊಂದೇ ಮಂದಿ. ಬೆಂಚಿನಲ್ಲಿ ಕುಳಿತವರ ಅಸಮಾಧಾನ ಎಂತಹ ಒಳ್ಳೆಯ ಕೋಚ್‌ಗೂ ತಪ್ಪಿದ್ದಲ್ಲ. ಆಟಗಾರ್ತಿಯರ ಅಭಿಪ್ರಾಯವನ್ನೇ ಮುಖ್ಯ ಆಧಾರ ಮಾಡಿಕೊಂಡರೆ ಕಠಿಣವಾಗಿ ದುಡಿಸುವ, ಹೆಸರು ನೋಡದೆ ತಂಡ ಆರಿಸುವ ಕೋಚ್‌ಗೆ ಅನ್ಯಾಯವಾಗುತ್ತದೆ. ಆ ಅನ್ಯಾಯ ಮಹಿಳಾ ಕೋಚ್‌ಗಳಿಗೆ ಹೆಚ್ಚು ತಟ್ಟುತ್ತದೆ ಎಂಬುದು ನನ್ನ ಭಾವನೆ: ಗಂಡಸಿನಲ್ಲಿ ಶಿಸ್ತು ಎನಿಸಿಕೊಳ್ಳುವುದು ಹೆಂಗಸಿನಲ್ಲಿ ಸಿಡುಕು ಎನಿಸಿಕೊಳ್ಳುತ್ತದೆ.

ಗೆಲುವಿನ ಲೆಕ್ಕ ಕುರುಡು ಲೆಕ್ಕವೂ ಅಲ್ಲ. ಟೂರ್ನಿಗೆ ತಂಡಗಳನ್ನು ಆರಿಸಲು ಬಹುಕಾಲದಿಂದ ಬಳಸುತ್ತ ಬಂದಿರುವ ಆರ್‌ಪಿಐ ಸೂತ್ರದಲ್ಲಿ ತಂಡದ ಸ್ವಂತ ಗೆಲುವಿಗೆ ಕಾಲು ಪಾಲು, ಎದುರಾಳಿಗಳ ಗೆಲುವಿಗೆ ಅರ್ಧ ಪಾಲು, ಆ ಎದುರಾಳಿಗಳ ಎದುರಾಳಿಗಳ ಗೆಲುವಿಗೆ ಉಳಿದ ಕಾಲು ಪಾಲು ತೂಕ ಸಿಗುತ್ತದೆ. ದುರ್ಬಲ ತಂಡಗಳ ಮೇಲೆ ಗೆಲುವು ಪೇರಿಸಿಕೊಂಡವರನ್ನು ಅದು ಗುರುತಿಸಬಲ್ಲುದು.

1979ರಿಂದ ನಾರ್ತ್ ಕೆರೊಲೈನಾ ಮಹಿಳಾ ತಂಡವನ್ನು ನಡೆಸಿ, 21 ಎನ್‌ಸಿಎಎ ಪ್ರಶಸ್ತಿಗಳನ್ನು ಗೆದ್ದ ಆನ್ಸನ್ ಡೊರನ್ಸ್ 2024ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನಗಳಿರುವಾಗ, ನಿವೃತ್ತರಾದರು. ಹೊಸಬರನ್ನು ಹುಡುಕಲು ಸಮಯವಿರಲಿಲ್ಲ. ಸಹಾಯಕರಾಗಿದ್ದ ಡೇಮನ್ ನಹಾಸ್ ಅವರಿಗೆ ಹಂಗಾಮಿ ಹೊಣೆ ವಹಿಸಲಾಯಿತು. ಆ ವರ್ಷವೇ ತಂಡ ಹನ್ನೆರಡು ವರ್ಷಗಳ ಬಳಿಕ ಪ್ರಶಸ್ತಿ ಗೆದ್ದಿತು, ಹುದ್ದೆಯೂ ಅವರಿಗೆ ಕಾಯಂ ಆಯಿತು. ಒಳಗಿನವರಿಗೇ ಕೊಟ್ಟರು ಎಂದು ಆಕ್ಷೇಪಿಸಲು ಆ ಫಲಿತಾಂಶ ಯಾರಿಗೂ ಎಡೆ ಕೊಡಲಿಲ್ಲ.

ವಿರೋಧ: ಗೋಲಿನ ಆಟದಲ್ಲಿ ಗೆಲುವು ಎಷ್ಟು ಹೇಳುತ್ತದೆ?

ಸಾಕರ್ ಅತಿ ಕಡಿಮೆ ಗೋಲುಗಳ ಆಟ, ಕಾಲೇಜು ಸೀಸನ್ನಿನಲ್ಲಿ ಸಿಗುವುದು ಇಪ್ಪತ್ತರ ಆಸುಪಾಸಿನ ಪಂದ್ಯಗಳು. 2022ರಿಂದ ಸಾಮಾನ್ಯ ಪಂದ್ಯಗಳಲ್ಲಿ ಹೆಚ್ಚುವರಿ ಸಮಯವನ್ನು ತೆಗೆದುಹಾಕಿದ್ದರಿಂದ ಡ್ರಾಗಳಿಗೂ ಜಾಗ ಹೆಚ್ಚಾಗಿದೆ. ಇಷ್ಟು ಚಿಕ್ಕ ಲೆಕ್ಕದಲ್ಲಿ ಎರಡು ಗೋಲ್‌ಪೋಸ್ಟ್ ಹೊಡೆತಗಳು ಒಂದು ಇಡೀ ವರ್ಷದ ಅರ್ಥವನ್ನೇ ಬದಲಿಸಿಬಿಡುತ್ತವೆ. ಪ್ರಶಸ್ತಿಯ ಮಟ್ಟದಲ್ಲಿ ಇದು ಇನ್ನೂ ಸ್ಪಷ್ಟ. 2019ರ ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್, 2020ರ ಸೀಸನ್ನಿನದರಲ್ಲಿ ಸಾಂಟಾ ಕ್ಲಾರಾ, 2021ರಲ್ಲಿ ಫ್ಲೋರಿಡಾ ಸ್ಟೇಟ್ ಗೆದ್ದವು. ಸಾಲಾಗಿ ಮೂರೂ ಪೆನಾಲ್ಟಿ ಶೂಟೌಟ್‌ನಲ್ಲಿ ತೀರ್ಮಾನವಾದವು. 2022ರಲ್ಲಿ ನಾರ್ತ್ ಕೆರೊಲೈನಾ ಎದುರು ಎರಡು ಗೋಲು ಹಿಂದಿದ್ದ ಯುಸಿಎಲ್‌ಎ, ಆಟ ಮುಗಿಯಲು 16 ಸೆಕೆಂಡುಗಳಿದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಸಮ ಮಾಡಿಕೊಂಡಿತು, ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದಿತು. ಆ ಚೆಂಡು ಒಂದು ಗೇಣು ಮೇಲೆ ಹೋಗಿದ್ದರೆ ಎರಡೂ ಕೋಚ್‌ಗಳ ದಾಖಲೆ ತಿರುವುಮುರುವಾಗುತ್ತಿತ್ತು, ಆದರೆ ಅವರ ಕೆಲಸದ ಗುಣ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಅದೇ ನಾರ್ತ್ ಕೆರೊಲೈನಾ, ಅದೇ ಡೊರನ್ಸ್, ಅದರ ಹಿಂದಿನ ವರ್ಷ ಸ್ವಂತ ಮೈದಾನದಲ್ಲಿ ಮೊದಲ ಸುತ್ತಿನಲ್ಲೇ ಸೌತ್ ಕೆರೊಲೈನಾಗೆ ಸೋತಿದ್ದರು.

ಕಾಲದ ಸಮಸ್ಯೆಯೂ ಇದೆ. ನಾಲ್ಕು ವರ್ಷಗಳ ಹೈಸ್ಕೂಲಿನ ಎರಡನೆಯ ವರ್ಷ ಮುಗಿದ ಮೇಲೆ, ಜೂನ್ 15ರಿಂದಷ್ಟೇ ಕೋಚ್‌ಗಳು ಆಟಗಾರ್ತಿಯನ್ನು ಕಾಲೇಜಿಗೆ ಸೆಳೆಯುವ ಮಾತುಕತೆಗೆ ಇಳಿಯಬಹುದು. ಹಾಗೆ ಒಪ್ಪಿಕೊಂಡವಳು ಕಾಲೇಜಿಗೆ ಬರಲು ಎರಡು ವರ್ಷ, ಪಳಗಿದ ಆಟಗಾರ್ತಿಯಾಗಲು ಮತ್ತೆರಡು ವರ್ಷ ಬೇಕು. ಹೊಸ ಕೋಚ್‌ನ ಮೂರನೆಯ ವರ್ಷದ ತಂಡದಲ್ಲೂ ಹಿಂದಿನವರು ಆರಿಸಿದವರೇ ಮುಖ್ಯ ಜಾಗಗಳಲ್ಲಿ ಇರುತ್ತಾರೆ. ಕಾಲೇಜು ಬದಲಿಸಬಯಸುವ ಆಟಗಾರ್ತಿಯರು ಹೆಸರು ನೋಂದಾಯಿಸುವ ವರ್ಗಾವಣೆಯ ಪೋರ್ಟಲ್ ಬಂದ ಮೇಲೆ ಈ ಅಂತರ ಕಡಿಮೆಯಾಗಿದೆ ನಿಜ. ಆದರೆ ಅದರಿಂದ ಬೇರೆ ಕಡೆ ಬೆಳೆದವರನ್ನು ಕೊಂಡು ತಂದ ಗೆಲುವು ಸಿಗಬಹುದೇ ಹೊರತು ಬೆಳೆಸುವ ಶಕ್ತಿಯ ಸಾಕ್ಷ್ಯ ಸಿಗುವುದಿಲ್ಲ. ಸಾಂಟಾ ಕ್ಲಾರಾಗೆ 1987ರಲ್ಲಿ ಕೋಚ್ ಆಗಿ ಬಂದ ಜೆರ್ರಿ ಸ್ಮಿತ್ 2001ರಲ್ಲಿ ಮೊದಲ ಪ್ರಶಸ್ತಿ ಗೆದ್ದರು. ಎರಡನೆಯದು, ಕೋವಿಡ್‌ನಿಂದ 2021ರ ವಸಂತಕ್ಕೆ ಮುಂದೂಡಿದ ಟೂರ್ನಿಯಲ್ಲಿ ಬಂತು. ನಡುವಿನ ಆ ದೀರ್ಘ ಕಾಲವನ್ನು ಪ್ರಶಸ್ತಿಯ ಲೆಕ್ಕದಿಂದ ಅಳೆಯುವ ಯಾವ ಆಡಳಿತವೂ ತಾಳುತ್ತಿರಲಿಲ್ಲ.

ನೇಮಕದ ಸಮಯದಲ್ಲಂತೂ ಗೆಲುವಿನ ದಾಖಲೆ ಬಾಗಿಲನ್ನೇ ಮುಚ್ಚಿಬಿಡುವುದುಂಟು. 2022ರಲ್ಲಿ ಯುಸಿಎಲ್‌ಎಯನ್ನು ಗೆಲ್ಲಿಸಿದ ಮಾರ್ಗರೀಟ್ ಆವೊಜಾಸಾ ಅದಕ್ಕೆ ಮೊದಲು ಸ್ಟ್ಯಾನ್‌ಫರ್ಡ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು; ಕಾಲೇಜು ಮಟ್ಟದ ಮುಖ್ಯ ಕೋಚ್ ಆಗಿ ಅದು ಅವರ ಮೊದಲ ವರ್ಷ. ಅವರ ಹೆಸರಿನ ಮುಂದೆ ಎಣಿಸಲು ಒಂದು ಗೆಲುವೂ ಇರಲಿಲ್ಲ. ಪರ ಪಕ್ಷದವರು ಹೇಳುವಂತೆ ದಾಖಲೆ ಹೊರಗಿನವರಿಗೆ ನೆರವಾಗುತ್ತದೆ ಎಂಬುದು, ಈಗಾಗಲೇ ಒಮ್ಮೆ ಮುಖ್ಯ ಕೋಚ್ ಆಗುವ ಅವಕಾಶ ಪಡೆದವರಿಗೆ ಮಾತ್ರ ಸಲ್ಲುವ ಮಾತು. ಆ ಮೊದಲ ಅವಕಾಶ ಸಿಗದೆ ಸಹಾಯಕಿಯಾಗಿಯೇ ಉಳಿದುಹೋದವರಿಗೆ ಅದೇ ದಾಖಲೆ ಅಡ್ಡಗೋಡೆ.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಮುಂದಿನದು. ಬರ್ಲಿ 2021ರಲ್ಲಿ ನಿವೃತ್ತರಾದ ಮೇಲೆ ಅದೇ ಫ್ಲೋರಿಡಾ, ಬೇರೊಂದು ವಿಶ್ವವಿದ್ಯಾಲಯದ ತಂಡವನ್ನು ಟೂರ್ನಿಗೆ ಕೊಂಡೊಯ್ದ ಅನುಭವಿ ಕೋಚ್ ಒಬ್ಬರನ್ನು ನೇಮಿಸಿಕೊಂಡು, ಒಂದೇ ಸೀಸನ್ನಿನ ನಂತರ 2022ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಆ ವರ್ಷ ಸೋಲುಗಳೂ ಹೆಚ್ಚಿದ್ದವು, ಆದರೆ ಆಡಳಿತ ಕೊಟ್ಟ ಕಾರಣ ಕೋಚ್‌ಗೂ ಅನೇಕ ಆಟಗಾರ್ತಿಯರಿಗೂ ನಡುವೆ ಸಂಬಂಧ ಕೂಡಿಬರಲಿಲ್ಲ ಎಂಬುದು. ಆಯ್ಕೆಯ ದಿನ ಕೈಯಲ್ಲಿದ್ದ ದಾಖಲೆಯಲ್ಲಿ ಇದರ ಸುಳಿವೇ ಇರಲಾರದು. ಅಮೆರಿಕದ ಮಹಿಳಾ ಸಾಕರ್‌ನ ವೃತ್ತಿಪರ ಲೀಗ್ ಎನ್‌ಡಬ್ಲ್ಯುಎಸ್‌ಎಲ್ ಕುರಿತು ಆ ದೇಶದ ಮಾಜಿ ಹಂಗಾಮಿ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್ ಅವರು 2022ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ ಇದರ ಕರಾಳ ರೂಪವನ್ನು ತೋರಿಸಿತು: ದೌರ್ಜನ್ಯದ ದೂರುಗಳ ನಂತರ ಒಂದು ತಂಡ ಬಿಟ್ಟ ಕೋಚ್‌ಗೆ, ಆ ವಿಷಯ ಬಹಿರಂಗವಾಗದೆ, ಇನ್ನೊಂದು ತಂಡದಲ್ಲಿ ಕೆಲಸ ಸಿಕ್ಕಿತ್ತು. ಗೆಲ್ಲುವವನ ಬಗ್ಗೆ ಪ್ರಶ್ನೆ ಕೇಳಲು ಯಾರಿಗೂ ಆತುರವಿರುವುದಿಲ್ಲ. ಕಾಲೇಜಿನಲ್ಲಿರುವವರು ಹದಿನೆಂಟರಿಂದ ಇಪ್ಪತ್ತೆರಡರ ಹುಡುಗಿಯರು. ಆಡುವ ಅವಕಾಶವೂ ವಿದ್ಯಾರ್ಥಿವೇತನವೂ ಬಹುಪಾಲು ಅದೇ ಕೋಚ್‌ನ ಕೈಯಲ್ಲಿರುವಾಗ ಅವರು ಬಾಯಿ ಬಿಡುವುದು ಇನ್ನೂ ಕಷ್ಟ.

ಬೆಂಚಿನವರ ಅಸಮಾಧಾನದ ಬಗೆಗಿನ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಬ್ಬಿಬ್ಬರ ಸಿಟ್ಟಿನ ಮೇಲೆ ಯಾರನ್ನೂ ತೆಗೆಯಬಾರದು. ಅದಕ್ಕೆ ಪರಿಹಾರ ಅವರ ಮಾತನ್ನು ಕೇಳದಿರುವುದಲ್ಲ, ಹಲವು ವರ್ಷಗಳ ಮಾತುಗಳನ್ನು ಸಾಲಾಗಿ ಇಟ್ಟು ಓದುವುದು. ಹೊಸದಾಗಿ ಬಂದವರಲ್ಲಿ ಎಷ್ಟು ಮಂದಿ ನಾಲ್ಕು ವರ್ಷ ಉಳಿದರು, ಬಂದಾಗಿನ ಆಟಕ್ಕೂ ಹೋಗುವಾಗಿನ ಆಟಕ್ಕೂ ಏನು ವ್ಯತ್ಯಾಸ, ಗಾಯವಾದವರನ್ನು ವೈದ್ಯರು ಒಪ್ಪುವ ಮೊದಲೇ ಆಡಿಸಿದ್ದುಂಟೇ, ಆಟಗಾರ್ತಿಯರ ಓದಿನ ಪ್ರಗತಿಯನ್ನು ಅಳೆಯುವ ತಂಡದ ಎಪಿಆರ್ ಅಂಕ ಎನ್‌ಸಿಎಎ ನಿಗದಿಪಡಿಸಿದ 930ರ ಗಡಿಗಿಂತ ಎಷ್ಟು ಮೇಲಿದೆ ಎಂಬುದನ್ನೆಲ್ಲ ಗೆಲುವಿನ ಪಟ್ಟಿಗಿಂತ ಮೊದಲು ನೋಡಬೇಕು. ನಿರ್ಗಮನ ಸಂದರ್ಶನಗಳನ್ನು ಎನ್‌ಸಿಎಎ ನಿಯಮವೇ ಕಡ್ಡಾಯ ಮಾಡಿದೆ. ಆದರೆ ಅದು ಹೇಳುವುದು ಆಡುವ ಅರ್ಹತೆಯ ವರ್ಷಗಳನ್ನು ಪೂರೈಸಿದವರ ಪೈಕಿ ಕೆಲವರನ್ನು ಮಾತನಾಡಿಸಬೇಕೆಂದು. ನಡುವೆಯೇ ಪೋರ್ಟಲ್ ಮೂಲಕ ಬಿಟ್ಟುಹೋದವಳು ಆ ಪಟ್ಟಿಯಲ್ಲಿರುವುದಿಲ್ಲ. ಕೋಚ್‌ನ ಬಗ್ಗೆ ಹೆಚ್ಚು ತಿಳಿದಿರಬಹುದಾದವಳು ಅವಳೇ. 28 ಮಂದಿಯ ತಂಡದಿಂದ ಹಾಗೆ ಹೋಗುವವರು ಸಾಮಾನ್ಯವಾಗಿ ಬೆರಳೆಣಿಕೆಯವರು. ಕ್ರೀಡಾ ವಿಭಾಗಕ್ಕೆ ಸೇರದ ಒಬ್ಬ ಅಧಿಕಾರಿ ಅವರಿಗೆಲ್ಲ ಫೋನ್ ಮಾಡಿ ಸಮಾಧಾನವಾಗಿ ಮಾತನಾಡಿಸಲು ಒಂದು ವಾರ ಸಾಕು, ಮತ್ತು ಆ ಕೆಲಸ ಕೋಚ್‌ನ ಒಪ್ಪಂದ ನವೀಕರಿಸುವ ಸಭೆಗೆ ಮೊದಲೇ ಆಗಿರಬೇಕು.